ನ್ಯಾಯ್ಯಭಾರ: ಸವಾರಿಕುದುರೆಯ ಬೆನ್ನು ಮತ್ತು ನಮ್ಮ ಅಶ್ವಶಾಸ್ತ್ರದ ಓದು

ತರೀಕೆರೆ ಸೀಮೆಯ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು ಕ್ರಿ.ಶ. 1196ರಲ್ಲಿ ಕಟ್ಟಿಸಿದನು. ಅಲ್ಲಿಯ ಮುಖಮಂಟಪದ ಬಳಿ ನಿಂತಿರುವ ದೊಡ್ಡ ಶಿಲಾಶಾಸನದ ಪದ್ಯಗಳು ಜನ್ನನವು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕೇ ಜನ್ಮಾಂತರಗಳ ದುಃಖವನ್ನು ತೂಗಿಸಿ ತೋರಿದ 'ಯಶೋಧರಚರಿತೆ'ಯ (1209) ಕವಿ, ಅದಕ್ಕೂ ಮೊದಲು ಶಿವಾಲಯವೊಂದಕ್ಕೆ ಶಾಸನಕವಿಯಾಗಿದ್ದನೆಂಬುದು ಆ ಕಾಲದ ಮತೀಯ ಸೌಹಾರ್ದಕ್ಕೆ ನಿದರ್ಶನವೆಂದು ಸಾಮಾನ್ಯವಾಗಿ ಉಲ್ಲೇಖಿಸಲ್ಪಡುತ್ತದೆ. ಅದು ಸರಿಯೇ. ಆದರೆ ದಂಡನಾಯಕನೊಬ್ಬನು ಕಟ್ಟಿಸಿದ, ಅಹಿಂಸೆಯ ಕವಿಯೊಬ್ಬನು ಹಾಡಿದ ಈ ಗುಡಿಯ ಅಂಗಳದಲ್ಲಿ ನಿಂತಾಗ ನಮಗೆ ಇನ್ನೊಂದು ಪ್ರಶ್ನೆಯೂ ಏಳಬೇಕು. ದಂಡನಾಯಕನ ಬಲವೆಂದರೆ ಬಹುಮಟ್ಟಿಗೆ ಕುದುರೆಯ ಬಲ. ಆ ಬಲವನ್ನು ಹೊತ್ತ ಬೆನ್ನಿನ ಬಗ್ಗೆ ನಮ್ಮ ಸಾಹಿತ್ಯಾಧ್ಯಯನವು ಏನನ್ನು ತಿಳಿದಿದೆ?

ಹೆಚ್ಚೇನನ್ನೂ ತಿಳಿದಿಲ್ಲವೆಂದೇ ಹೇಳಬೇಕಾಗುತ್ತದೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕಾವ್ಯಗಳಲ್ಲಿ ಕುದುರೆಗಳಿಗೆ ಬರವಿಲ್ಲ. ಪಲ್ಲಣ, ಕಡಿವಾಣ, ವಾಘೆ, ಅಂಕವಣೆ, ಚಮ್ಮಟಿಗೆ, ವೈಹಾಳಿ, ರಾವುತ, ಲಾಯ ಮುಂತಾದ ಒಂದು ಸಮೃದ್ಧವಾದ ಶಬ್ದಕೋಶವೇ ನಮ್ಮಲ್ಲಿದೆ. ಆದರೆ ನಮ್ಮ ಸಂಪಾದಿತ ಆವೃತ್ತಿಗಳ ಅರ್ಥಕೋಶಗಳನ್ನು ತೆರೆದರೆ 'ಕುದುರೆಯ ಒಂದು ಬಗೆಯ ನಡಿಗೆ', 'ಕುದುರೆಯ ಒಂದು ಸಾಮಗ್ರಿ' ಎಂಬಷ್ಟರಲ್ಲಿ ವಿವರಣೆ ಮುಗಿಯುತ್ತದೆ. ಅಶ್ವಶಾಸ್ತ್ರದ ಗ್ರಂಥಗಳನ್ನು ಓದುವಾಗಲೂ ನಾವು ಸುಳಿ, ಬಣ್ಣ, ಶುಭಾಶುಭ ಲಕ್ಷಣಗಳ ಭಾಗವನ್ನು ಕುತೂಹಲಕ್ಕಾಗಿಯೂ ಔಷಧಗಳ ಭಾಗವನ್ನು ವೈದ್ಯೇತಿಹಾಸಕ್ಕಾಗಿಯೂ ಗಮನಿಸುತ್ತೇವೆ. ಕುದುರೆಯನ್ನು ಪಳಗಿಸುವ, ನಡೆಯಿಸುವ ಭಾಗವನ್ನು ಪಾರಿಭಾಷಿಕ ಪದಗಳ ಒಣಪಟ್ಟಿಯೆಂದು ದಾಟಿಬಿಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಆ ದಾಟಿಬಿಟ್ಟ ಭಾಗವೇ ಆ ಗ್ರಂಥಗಳ ಪ್ರಾಣ. ಅದನ್ನು ಅರಿಯಬೇಕಾದರೆ ಮೊದಲು ಕುದುರೆಯ ಬೆನ್ನನ್ನು ಅರಿಯಬೇಕು.

ಕುದುರೆ ಹುಟ್ಟಿನಿಂದಲೇ ಹೊರುವ ಪ್ರಾಣಿಯೆಂದು ನಾವು ಭಾವಿಸಿದ್ದೇವೆ. ಅದರ ದೇಹರಚನೆ ಹಾಗೆ ಹೇಳುವುದಿಲ್ಲ. ಸಾಮಾನ್ಯವಾಗಿ ಅದರ ಎದೆಯ ಭಾಗದಲ್ಲಿ 18, ಸೊಂಟದ ಭಾಗದಲ್ಲಿ 6 ಕಶೇರುಗಳಿರುತ್ತವೆ. ಸವಾರನು ಕೂರುವುದು ಪಕ್ಕೆಲುಬುಗಳು ತಗುಲಿಕೊಂಡಿರುವ ಬೆನ್ನಿನ ಮೇಲೆ. ಅದರ ಹಿಂದಿನ ಸೊಂಟಕ್ಕೆ ಪಕ್ಕೆಲುಬಿನ ಆಸರೆಯೂ ಇಲ್ಲ. ಮನುಷ್ಯನಿಗಿರುವಂತೆ ಕುದುರೆಗೆ ಕೊರಳೆಲುಬು ಇಲ್ಲ. ಮುಂಗಾಲುಗಳೆರಡರ ನಡುವೆ ಅದರ ಎದೆಗೂಡು ಕೇವಲ ಸ್ನಾಯುಗಳ ಜೋಲಿಯಲ್ಲಿ ತೂಗಿಕೊಂಡಿದೆ. ಉದ್ದನೆಯ ಕುತ್ತಿಗೆ ಮತ್ತು ತಲೆಯ ಕಾರಣದಿಂದ ದೇಹಭಾರದ ಅರ್ಧಕ್ಕಿಂತ ಹೆಚ್ಚು ಪಾಲು ಸಹಜವಾಗಿಯೇ ಮುಂಗಾಲುಗಳ ಮೇಲೆ ಬೀಳುತ್ತದೆ. ಇಂಥ ರಚನೆಯ ನಡುಭಾಗದಲ್ಲಿ ಮನುಷ್ಯನೊಬ್ಬನು ಹತ್ತಿ ಕುಳಿತರೆ, ಪಳಗದ ಕುದುರೆ ಮಾಡುವುದು ಒಂದೇ: ಬೆನ್ನನ್ನು ಕೆಳಕ್ಕೆ ಕುಸಿಸಿ, ತಲೆಯನ್ನು ಮೇಲೆತ್ತಿ, ಹಿಂಗಾಲುಗಳನ್ನು ಹಿಂದಕ್ಕೆ ಬಿಟ್ಟು ನಡೆಯುವುದು. ಬೆನ್ನು ಹೀಗೆ ಕುಸಿದಾಗ ಕಶೇರುಗಳ ಮೇಲ್ಮುಖವಾದ ಮುಳ್ಳುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಕೆಲವು ಕುದುರೆಗಳಲ್ಲಿ ಅವು ತಾಗಿ, ಉಜ್ಜಿ, ನೋವಿಗೆ ಕಾರಣವಾಗುವುದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು.

ಬೆನ್ನನ್ನು ಎತ್ತಿಹಿಡಿಯುವ ಉಪಾಯವೂ ಆ ದೇಹದಲ್ಲಿಯೇ ಇದೆ. ಡಚ್ ಪ್ರಾಣಿವಿಜ್ಞಾನಿ ಸ್ಲಿಪರ್ 1946ರಲ್ಲಿ ನಾಲ್ಕು ಕಾಲಿನ ಪ್ರಾಣಿಗಳ ಮುಂಡವನ್ನು ಬಿಲ್ಲು ಮತ್ತು ಹೆದೆಗೆ ಹೋಲಿಸಿದನು. ಬೆನ್ನೆಲುಬು ಬಿಲ್ಲು, ಹೊಟ್ಟೆಯ ಸ್ನಾಯುಗಳು ಹೆದೆ. ಹೆದೆ ಬಿಗಿದರೆ ಬಿಲ್ಲು ಮೇಲಕ್ಕೆ ಬಾಗುತ್ತದೆ. ಹೆದೆ ಸಡಿಲಿದರೆ ಬಿಲ್ಲು ಜೋಲುತ್ತದೆ. ಇದರೊಡನೆ ಇನ್ನೊಂದು ಕಟ್ಟೂ ಇದೆ. ತಲೆಯ ಹಿಂಬದಿಯಿಂದ ಹೊರಟು, ಕುತ್ತಿಗೆಯು ಬೆನ್ನಿಗೆ ಸೇರುವ ಎತ್ತರದ ಭಾಗಕ್ಕೆ ಬಂದು, ಅಲ್ಲಿಂದ ಬೆನ್ನಿನುದ್ದಕ್ಕೂ ಮುಂದುವರಿಯುವ ಬಲವಾದ ನಾರಿನ ಪಟ್ಟಿ ಅದು. ಕುದುರೆ ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿದಾಗ ಈ ಪಟ್ಟಿ ಎಳೆದುಕೊಂಡು ಬೆನ್ನನ್ನು ಎತ್ತುತ್ತದೆ. ಅಂದರೆ ಸವಾರಿಕುದುರೆಯ ಬೆನ್ನಿನ ಬಲವು ಬೆನ್ನಿನಲ್ಲಷ್ಟೇ ಇಲ್ಲ. ಹೊಟ್ಟೆ, ಸೊಂಟ, ದೇಹದಡಿಗೆ ಬಂದು ಊರುವ ಹಿಂಗಾಲು, ಮುಂದಕ್ಕೆ ಚಾಚಿದ ಕುತ್ತಿಗೆ ಇವೆಲ್ಲ ಕೂಡಿ ಅದನ್ನು ಕಟ್ಟಬೇಕು. ಕಟ್ಟುವುದಕ್ಕೆ ತಿಂಗಳುಗಳು ಬೇಕು, ವರ್ಷಗಳು ಬೇಕು.

ಈ ತಿಳಿವಳಿಕೆಯನ್ನು ಇಟ್ಟುಕೊಂಡು ಹಳೆಯ ಗ್ರಂಥಗಳಿಗೆ ಮರಳಿದರೆ ಒಣಪಟ್ಟಿಗಳು ಮಾತನಾಡತೊಡಗುತ್ತವೆ. ಕೌಟಿಲ್ಯನ 'ಅರ್ಥಶಾಸ್ತ್ರ'ದ ಅಶ್ವಾಧ್ಯಕ್ಷ ಪ್ರಕರಣವು ರಥಕ್ಕೆ ಹೂಡುವ ಕುದುರೆಗಳಿಗೆ 6, 9, 12 ಯೋಜನಗಳ ಪಯಣವನ್ನು ಹೇಳುತ್ತದೆ. ಬೆನ್ನಿನ ಮೇಲೆ ಹೊರುವ ಕುದುರೆಗಳಿಗೆ ಮಾತ್ರ 5, ಏಳೂವರೆ ಮತ್ತು 10 ಯೋಜನಗಳು. ಮೂರು ದರ್ಜೆಗಳಲ್ಲಿಯೂ ಹೊರುವ ಕುದುರೆಯ ದಾರಿ ಎಳೆಯುವ ಕುದುರೆಯ ದಾರಿಗಿಂತ ಕಡಮೆ. ಇದನ್ನು ಆಡಳಿತದ ಒಂದು ಅಂಕೆಯೆಂದು ಓದುವವನಿಗೆ ಇಲ್ಲಿ ಏನೂ ಕಾಣದು. ಬೆನ್ನಿನ ಮಿತಿಯನ್ನು ಬಲ್ಲವನಿಗೆ ಇದು ಸೂಕ್ಷ್ಮವಾದ ಅನುಭವದ ಮಾತಾಗಿ ಕೇಳಿಸುತ್ತದೆ.

ಎಳೆಯುವುದಕ್ಕೂ ಹೊರುವುದಕ್ಕೂ ಇರುವ ಈ ಭೇದವನ್ನು ಅಮೃತಾಪುರದ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮೀಪದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫಿರಂಗಿಗಳನ್ನು ಎಳೆದು ಹೆಸರಾದ ಎತ್ತುಗಳ ತಳಿ ಅದು. ಆ ಎತ್ತಿನ ಬಲ ಹೆಗಲಿನಲ್ಲಿದೆ, ನೊಗವೂ ಅಲ್ಲಿಯೇ ಕೂರುತ್ತದೆ. ಹಾಗಿದ್ದರೂ ಎಳೆಯ ಹೋರಿಯನ್ನು ಮೊದಲ ದಿನವೇ ತುಂಬಿದ ಗಾಡಿಗೆ ಯಾರೂ ಕಟ್ಟುವುದಿಲ್ಲ. ಪಳಗಿದ ಎತ್ತಿನ ಜೊತೆಯಲ್ಲಿ ಕಟ್ಟಿ, ಹಗುರವಾದುದನ್ನು ಎಳೆಯಿಸಿ, ಹದಗೊಳಿಸಿದ ಬಳಿಕವೇ ಭಾರ. ಹೆಗಲಿಗೇ ಇಷ್ಟು ಸಿದ್ಧತೆ ಬೇಕಾದರೆ, ಹೊರುವುದಕ್ಕೆಂದು ರಚಿತವಾಗದ ಬೆನ್ನಿಗೆ ಇನ್ನೆಷ್ಟು ಬೇಕು?

ಗತಿಗಳ ವಿಚಾರವೂ ಹೀಗೆಯೇ. 'ಅಮರಕೋಶ'ವು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಐದು ನಡೆಗಳನ್ನು 'ಧಾರೆ'ಗಳೆಂದು ಹೆಸರಿಸುತ್ತದೆ. ಪ್ರತಿಯೊಂದರ ಸ್ವರೂಪವನ್ನು ಕುರಿತು ಟೀಕಾಕಾರರು ಹೇಳುವುದು ಒಂದೇ ಬಗೆಯಾಗಿಲ್ಲ. ನಾವು ಆ ಭಿನ್ನತೆಯನ್ನು ಪಾಠಾಂತರದ ಸಮಸ್ಯೆಯೆಂದಷ್ಟೇ ಕಾಣುತ್ತೇವೆ. ಆದರೆ ನಡೆಯೆಂದರೆ ಬೆನ್ನಿನ ಚಲನೆ. ಹೆಜ್ಜೆನಡಿಗೆಯಲ್ಲಿ ಬೆನ್ನು ಎಡಬಲಕ್ಕೆ ತೊನೆಯುತ್ತದೆ. ಜೋಡಿಕಾಲುಗಳು ಕರ್ಣರೇಖೆಯಲ್ಲಿ ಒಟ್ಟಿಗೆ ಏಳುವ ದುಡುಕಿಯಲ್ಲಿ ಬೆನ್ನು ಬಹಳ ಕಡಮೆ ಅಲುಗಿ ಸವಾರನನ್ನು ಮೇಲೆಸೆಯುತ್ತದೆ. ನೆಗೆನಡೆಯಲ್ಲಿ ಸೊಂಟ ಮಡಿಚಿ ಬಿಚ್ಚುತ್ತದೆ. ಒಂದು ಪದವು ಯಾವ ನಡೆಯನ್ನು ಹೇಳುತ್ತಿದೆಯೆಂಬುದನ್ನು ನಿಶ್ಚಯಿಸಬೇಕಾದರೆ ನಿಘಂಟಿನೊಡನೆ ಲಾಯಕ್ಕೂ ಹೋಗಬೇಕು.

ಕರ್ನಾಟಕದ ಮಟ್ಟಿಗೆ ಮುಖ್ಯವಾದ ಆಕರ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಕ್ರಿ.ಶ. 1130ರ ಸುಮಾರಿನ ಈ ಸಂಸ್ಕೃತ ವಿಶ್ವಕೋಶವು ವಾಜಿವಾಹ್ಯಾಲಿಯೆಂಬ ಭಾಗದಲ್ಲಿ ಕುದುರೆಗಳ ಜಾತಿ, ಲಕ್ಷಣ, ಪಳಗಿಸುವಿಕೆ, ಸವಾರಿಯ ಚೆಂಡಾಟಗಳನ್ನು ವಿವರಿಸುತ್ತದೆ. ನಮ್ಮ ಕಾವ್ಯಗಳ ವೈಹಾಳಿ ಈ ವಾಹ್ಯಾಲಿಯೇ. ಅದನ್ನು ಅರಸನ ವಿಹಾರವೆಂದು ಅರ್ಥೈಸಿ ಸುಮ್ಮನಾಗುತ್ತೇವೆ. ಅದು ಕುದುರೆಯ ವ್ಯಾಯಾಮಭೂಮಿಯೂ ಹೌದೆಂಬುದು ಮರೆತುಹೋಗಿದೆ. ಶಾಸನಗಳಲ್ಲಿ ಬರುವ 'ಸಾಹಣಿ' ಎಂಬ ಅಧಿಕಾರಿಯ ಹೆಸರೂ ಗಮನಾರ್ಹ. ಅದು 'ಸಾಧನ' ಶಬ್ದದಿಂದ ಬಂದದ್ದು. ಸಾಧನವೆಂದರೆ ಸೇನೆಯೆಂಬ ಅರ್ಥ ರೂಢಿಯಲ್ಲಿದ್ದರೂ, ಸಾಧಿಸುವುದು, ಹದಕ್ಕೆ ತರುವುದು ಎಂಬ ಮೂಲಾರ್ಥವು ಕುದುರೆಯ ಅಧಿಕಾರಿಗೆ ಎಷ್ಟು ಒಪ್ಪುತ್ತದೆ!

ಕನ್ನಡದಲ್ಲಿಯೇ ಈ ಪರಂಪರೆ ಮುಂದುವರಿದಿದೆ. ಕೀರ್ತಿವರ್ಮನು 12ನೆಯ ಶತಮಾನದಲ್ಲಿ 'ಗೋವೈದ್ಯ'ವನ್ನು ಬರೆದನು. ಅಭಿನವಚಂದ್ರನು ಕುದುರೆಯನ್ನು ಕುರಿತು ಗ್ರಂಥ ರಚಿಸಿದನು. ಪದ್ಮಣಪಂಡಿತನು 1627ರಲ್ಲಿ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 'ಹಯಸಾರಸಮುಚ್ಚಯ'ವನ್ನು ಬರೆದನು. ಈ ಮೂವರೂ ಜೈನರು. ಪ್ರಾಣಿಯ ದೇಹವನ್ನು ತಾಳ್ಮೆಯಿಂದ ನೋಡುವ ದೃಷ್ಟಿಗೂ ಅವರ ಶ್ರದ್ಧೆಗೂ ಸಂಬಂಧವಿದ್ದಿರಬಹುದೆಂಬುದು ನನ್ನ ಊಹೆ ಮಾತ್ರ. ಆದರೆ ವಿಚಾರಕ್ಕೆ ಅರ್ಹವಾದ ಊಹೆ.

ಪಳಗಿಸುವ ಕ್ರಮವು ಅಕ್ಷರಕ್ಕಿಳಿದ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಹಿಟೈಟರ ರಾಜಧಾನಿ ಹತ್ತೂಷದಲ್ಲಿ ದೊರೆತ ಮಣ್ಣಿನ ಫಲಕಗಳಲ್ಲಿ ಮಿತನ್ನಿ ದೇಶದ ಕಿಕ್ಕುಲಿಯೆಂಬ ಅಶ್ವಶಿಕ್ಷಕನ ಬರಹವಿದೆ. ಕ್ರಿ.ಪೂ. 1400ರ ಸುಮಾರಿನ ಈ ಬರಹವು ರಥದ ಕುದುರೆಗಳಿಗೆ ದಿನದಿನದ ನಡಿಗೆ, ಓಟ, ಮೇವು, ನೀರು, ವಿಶ್ರಾಂತಿಗಳನ್ನು ಹಲವು ತಿಂಗಳ ಮಟ್ಟಿಗೆ ಗೊತ್ತುಪಡಿಸುತ್ತದೆ. ಸುತ್ತುಗಳ ಲೆಕ್ಕಕ್ಕೆ ಅದರಲ್ಲಿ ಬಳಕೆಯಾಗಿರುವ ಐಕ, ತೇರ, ಪಂಜ, ಸತ್ತ ಎಂಬ ಸಂಖ್ಯಾಪದಗಳೂ 'ವರ್ತನ್ನ' ಎಂಬ ಪದವೂ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವೇ. ಆ ಪದಗಳಿಗಾಗಿ ಕಿಕ್ಕುಲಿಯನ್ನು ನೆನೆಯುವ ನಾವು, ಅವನು ಹೇಳಿದ ತತ್ತ್ವವನ್ನು ನೆನೆಯುವುದಿಲ್ಲ: ಬಲವು ಸ್ವಲ್ಪಸ್ವಲ್ಪವಾಗಿ, ಲೆಕ್ಕವಿಟ್ಟು, ನಡುನಡುವೆ ಬಿಡುವು ಕೊಟ್ಟು ಬೆಳೆಯತಕ್ಕದ್ದು.

ಇಂದಿನ ಶಿಕ್ಷಣಕ್ರಮವೂ ಇದಕ್ಕಿಂತ ಬಹಳ ದೂರವಿಲ್ಲ. ಮೊದಲು ಸವಾರನಿಲ್ಲದೆ, ಉದ್ದನೆಯ ಹಗ್ಗದಲ್ಲಿ ದೊಡ್ಡ ವೃತ್ತದ ಮೇಲೆ ನಡೆಸುವುದು. ತಲೆಯನ್ನು ಕಟ್ಟದೆ, ಕುತ್ತಿಗೆಯನ್ನು ತಾನಾಗಿ ಮುಂದಕ್ಕೂ ಕೆಳಕ್ಕೂ ಚಾಚುವಂತೆ ಬಿಡುವುದು. ನೆಲದ ಮೇಲೆ ಅಡ್ಡವಾಗಿಟ್ಟ ಕೋಲುಗಳನ್ನು ಒಂದೊಂದಾಗಿ ದಾಟಿಸುವುದು. ಆಗ ಕುದುರೆ ಕಾಲನ್ನು ಎತ್ತಿ, ಹೊಟ್ಟೆಯನ್ನು ಬಿಗಿಯಬೇಕಾಗುತ್ತದೆ. ಇಳಿಜಾರಾದ ಏರಿನಲ್ಲಿ ನಿಧಾನವಾಗಿ ಹತ್ತಿಸುವುದು. ಕೆಲವೇ ಹೆಜ್ಜೆ ಹಿಂದಕ್ಕೆ ನಡೆಸುವುದು. ನಡಿಗೆಯಿಂದ ದುಡುಕಿಗೆ, ದುಡುಕಿಯಿಂದ ನಡಿಗೆಗೆ ಮತ್ತೆಮತ್ತೆ ಬದಲಿಸುವುದು. ನಿಂತಲ್ಲೇ ಗಜ್ಜರಿಯ ತುಂಡನ್ನು ತೋರಿಸಿ, ಮೂಗನ್ನು ಎದೆಯ ಕಡೆಗೂ ಪಕ್ಕೆಯ ಕಡೆಗೂ ಮುಂಗಾಲಿನ ಗೊರಸಿನ ಕಡೆಗೂ ತರಿಸುವ ಸರಳವಾದ ವ್ಯಾಯಾಮವೂ ಇದೆ. ಇದನ್ನು ವಾರಕ್ಕೆ 5 ದಿನದಂತೆ 3 ತಿಂಗಳು ಮಾಡಿಸಿದಾಗ ಬೆನ್ನೆಲುಬಿಗೆ ಅಂಟಿಕೊಂಡಿರುವ ಆಳದ ಸ್ನಾಯುಗಳು ದಪ್ಪವಾದುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಇವೆಲ್ಲದರ ಬಳಿಕ ಸವಾರ. ಅದೂ ಮೊದಲು ಸ್ವಲ್ಪ ಹೊತ್ತು. ಕಾಲಿನ ಮೂಳೆಗಳಿಗಿಂತ ತಡವಾಗಿ ಬೆನ್ನೆಲುಬಿನ ಬೆಳವಣಿಗೆ ಪೂರ್ಣಗೊಳ್ಳುತ್ತದೆಯೆಂಬುದನ್ನು ನೆನೆದರೆ, ಎಳೆಯ ಕುದುರೆಯ ಮೇಲೆ ಅವಸರದಿಂದ ಹತ್ತುವವನು ಏನನ್ನು ಕೆಡಿಸುತ್ತಿದ್ದಾನೆಂಬುದು ತಿಳಿಯುತ್ತದೆ.

ಇಲ್ಲಿ ಶಿಲ್ಪದ ಪ್ರಶ್ನೆ ಬರುತ್ತದೆ. ಅಮೃತಾಪುರವನ್ನು ನೋಡಿದ ವಿದ್ಯಾರ್ಥಿ ಮುಂದೆ ಹಳೇಬೀಡಿಗೆ ಹೋದರೆ, ಹೊಯ್ಸಳೇಶ್ವರನ ಗುಡಿಯ ಅಡಿಪಟ್ಟಿಕೆಗಳಲ್ಲಿ ಕುದುರೆಸವಾರರ ಸಾಲೊಂದನ್ನು ಕಾಣುತ್ತಾನೆ. ಬಾಗಿದ ಕುತ್ತಿಗೆ, ಎತ್ತಿದ ಕಾಲುಗಳು. ನಮ್ಮ ಕವಿಗಳಿಗೂ ಬಾಗಿದ ಕೊರಳೇ ಪ್ರಿಯ. ಸೊಗಸಾದ ನಿಲುವೆಂದರೆ ಬಾಗಿದ ಕೊರಳೆಂದು ನೋಡುವವರೂ ಸವಾರರೂ ಒಟ್ಟಿಗೆ ತಪ್ಪುತಿಳಿದದ್ದು ಇಲ್ಲಿಯೇ. ಹಿಂಗಾಲು ದೇಹದಡಿಗೆ ಬಂದು, ಹೊಟ್ಟೆ ಬಿಗಿದು, ಬೆನ್ನು ಏರಿದಾಗ ಕೊರಳು ತಾನಾಗಿಯೇ ಬಾಗುತ್ತದೆ. ಅದು ಫಲ, ಸಾಧನವಲ್ಲ. ಫಲವನ್ನೇ ಮೊದಲು ಬಯಸಿ ವಾಘೆಯಿಂದ ಮೂಗನ್ನು ಎದೆಗೆ ಎಳೆದು ಕಟ್ಟಿದರೆ ಕೊರಳು ಬಾಗೀತು, ಬೆನ್ನು ಕುಸಿದೇ ಇರುತ್ತದೆ. ಈ ದೋಷ ಇಂದಿನ ಅಂತಾರಾಷ್ಟ್ರೀಯ ಸ್ಪರ್ಧಾಂಗಣಗಳನ್ನೂ ಬಿಟ್ಟಿಲ್ಲ. ಬಲಪ್ರಯೋಗದಿಂದ ಕುತ್ತಿಗೆಯನ್ನು ಅತಿಯಾಗಿ ಮಡಿಸುವುದು ಒಪ್ಪತಕ್ಕದ್ದಲ್ಲವೆಂದು ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2010ರಲ್ಲಿ ಹೇಳಬೇಕಾಯಿತು. ಒತ್ತಾಯದಿಂದ ಮಾಡಿಸಿದುದರಲ್ಲಿ ಸೌಂದರ್ಯವಿಲ್ಲವೆಂಬ ಮಾತನ್ನು ಗ್ರೀಕ್ ಲೇಖಕ ಕ್ಸೆನೊಫೋನನು ಕ್ರಿ.ಪೂ. 4ನೆಯ ಶತಮಾನದಲ್ಲಿಯೇ, ಚಾವಟಿಯ ಹೊಡೆತಕ್ಕೆ ಕುಣಿಯುವ ನರ್ತಕನ ಉದಾಹರಣೆಯೊಡನೆ ಬರೆದಿದ್ದನು.

ಹೊರಗಣ್ಣಿಗೆ ಕಾಣುವುದಕ್ಕೂ ಒಳಗಿನ ಬಲಕ್ಕೂ ಇರುವ ಅಂತರವನ್ನು ನಮ್ಮ ಭಾರತಕಥೆಯೂ ಬಲ್ಲದು. ನಳೋಪಾಖ್ಯಾನದಲ್ಲಿ ಬಾಹುಕನಾಗಿದ್ದ ನಳನು ಋತುಪರ್ಣನ ಲಾಯದಿಂದ ಕೃಶವಾದ ಕುದುರೆಗಳನ್ನು ಆರಿಸುತ್ತಾನೆ, ಅರಸನು ಶಂಕಿಸುತ್ತಾನೆ. ನಳನ ಅಶ್ವಹೃದಯವಿದ್ಯೆಯನ್ನು ಮಂತ್ರವೆಂದು ಓದುವ ಬದಲು, ಮೈಯ ತೋರಿಕೆಯನ್ನು ದಾಟಿ ನೋಡುವ ಕಣ್ಣೆಂದು ಓದಿದರೆ ಕಥೆಗೆ ನಷ್ಟವೇನೂ ಇಲ್ಲ.

ಈಗ ಜನ್ನನ ಶಾಸನದ ಬಳಿ ನಾವು ಎತ್ತಿಕೊಂಡ ಪ್ರಶ್ನೆಗೆ ಮರಳೋಣ. 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯವು ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕನ್ನಡನಾಡಿನವರೇ ಆದ ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಇಲ್ಲಿಯ ವಧವೆಂದರೆ ಕೊಲ್ಲುವುದಲ್ಲ, ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದೆಂದು ಸ್ಪಷ್ಟಪಡಿಸುತ್ತಾರೆ. ಅತಿಭಾರಾರೋಪಣವೆಂದರೆ ನ್ಯಾಯ್ಯವಾದ ಭಾರಕ್ಕಿಂತ ಮಿಗಿಲಾಗಿ ಹೊರಿಸುವುದು. ಲಾಯದ ನಿತ್ಯಜೀವನದಲ್ಲಿ ನಡೆಯಬಹುದಾದ ಹಿಂಸೆಗಳೆಲ್ಲ ಈ ಐದರಲ್ಲಿ ಅಡಕವಾಗಿವೆ.

'ನ್ಯಾಯ್ಯಭಾರ'ವೆಂಬ ಕಲ್ಪನೆಯ ಮೇಲೆ ನಾವು ನಿಲ್ಲಬೇಕು. ಯಾವುದು ನ್ಯಾಯವಾದ ಭಾರ? ಅದನ್ನು ಸೇರು-ಮಣಗಳಲ್ಲಿ ಗೊತ್ತುಪಡಿಸಿದರೆ ಸಾಕೆಂದು ತೋರಬಹುದು. ಸಾಲದು. ಒಬ್ಬನೇ ಸವಾರನ ಅದೇ ತೂಕವು ಹದಗೊಂಡ ಬೆನ್ನಿಗೆ ನ್ಯಾಯ್ಯಭಾರ. ಕುಸಿದ ಬೆನ್ನಿಗೆ ಅತಿಭಾರ. ಭಾರದ ನ್ಯಾಯವು ತಕ್ಕಡಿಯಲ್ಲಿಲ್ಲ, ಹೊರುವವನ ಸಿದ್ಧತೆಯಲ್ಲಿದೆ. ಆದ್ದರಿಂದ ಬೆನ್ನನ್ನು ಬಲಪಡಿಸುವ ಶಿಕ್ಷಣವು ಸವಾರನ ಸೌಕರ್ಯಕ್ಕಾಗಿ ಮಾಡುವ ಉಪಚಾರವಲ್ಲ. ಬೆನ್ನೇರುವ ಹಕ್ಕನ್ನು ಸವಾರನು ಗಳಿಸಿಕೊಳ್ಳಬೇಕಾದ ಕ್ರಮ. ನಾನು ಹೇಳಬೇಕಾದ ಮುಖ್ಯ ಮಾತು ಇದು.

ಇದಕ್ಕೆ ಎರಡು ಆಕ್ಷೇಪಗಳು ಸಂಭವಿಸುತ್ತವೆ. ಅಶ್ವಶಾಸ್ತ್ರಗಳು ಅರಸರ ಯುದ್ಧಕ್ಕಾಗಿ ಹುಟ್ಟಿದವು. ಅವುಗಳಲ್ಲಿ ಚಾವಟಿಯೂ ಇದೆ. ಅಲ್ಲಿ ಕರುಣೆಯನ್ನು ಹುಡುಕುವುದು ಇಂದಿನ ಭಾವನೆಯನ್ನು ಹಿಂದಕ್ಕೆ ಆರೋಪಿಸಿದಂತೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಆ ಗ್ರಂಥಗಳ ಗುರಿ ಕುದುರೆಯ ಸುಖವಲ್ಲ, ಅರಸನ ಜಯ. ಆದರೆ ಗುರಿ ಏನೇ ಇರಲಿ, ದೇಹದ ಮಿತಿಯನ್ನು ಕಂಡ ಕಣ್ಣು ಅಲ್ಲಿದೆ. ಆ ಕಾಣ್ಕೆಯನ್ನು ಗುರಿಯಿಂದ ಬೇರ್ಪಡಿಸಿ ಸ್ವೀಕರಿಸಲು ನಮಗೆ ಅಡ್ಡಿಯಿಲ್ಲ. ಅಹಿಂಸೆಯನ್ನು ನಂಬುವವನು ಕುದುರೆಯನ್ನು ಏರಲೇಬಾರದು ಎಂಬುದು ಎರಡನೆಯದು. ಮುನಿಯ ಮಟ್ಟಿಗೆ ಅದು ಸರಿ, ಮುನಿಗಳು ಕಾಲ್ನಡಿಗೆಯವರೇ. ಆದರೆ ಅಣುವ್ರತವು ಗೃಹಸ್ಥನಿಗೆ, ಪ್ರಾಣಿಗಳನ್ನು ದುಡಿಸಿಕೊಳ್ಳುವ ಲೋಕದಲ್ಲಿಯೇ ಇದ್ದುಕೊಂಡು ಮಿತಿಯನ್ನು ಕಾಯಬೇಕಾದವನಿಗೆ ಹೇಳಿದ್ದು. 'ಅತಿ' ಎಂಬ ಉಪಸರ್ಗವೇ ಅದನ್ನು ಸೂಚಿಸುತ್ತದೆ.

ಇದು ಗ್ರಂಥಗಳೊಳಗಿನ ಚರ್ಚೆಯಷ್ಟೇ ಅಲ್ಲ. ನಮ್ಮ ಊರುಗಳಲ್ಲಿ ಮದುವೆಯ ಮೆರವಣಿಗೆಗಳಲ್ಲಿ, ಉತ್ಸವಗಳಲ್ಲಿ, ಪ್ರವಾಸಿತಾಣಗಳಲ್ಲಿ ಕುದುರೆಗಳು ಇನ್ನೂ ಹೊರುತ್ತಿವೆ. ಮುಂದಿನ ಸಲ ಅಂಥ ಕುದುರೆಯನ್ನು ಕಂಡಾಗ ಅದರ ಜೂಲನ್ನೂ ಬಾಗಿಸಿ ಕಟ್ಟಿದ ಕೊರಳನ್ನೂ ನೋಡಿ ಮೆಚ್ಚುವ ಮೊದಲು ಪಕ್ಕದಲ್ಲಿ ನಿಂತು ಬೆನ್ನಿನ ಗೆರೆಯನ್ನು ನೋಡಬೇಕು. ಹಲ್ಲಣದ ಹಿಂದೆ ಬೆನ್ನು ಕುಳಿಬಿದ್ದಿದೆಯೇ, ಹೊಟ್ಟೆ ಜೋತಿದೆಯೇ, ಬೆನ್ನು ಸವರಿದರೆ ಕುದುರೆ ಸೆಟೆದು ಹಿಂಜರಿಯುತ್ತದೆಯೇ ಎಂದು ಗಮನಿಸಬೇಕು. ಆ ನೋಟಕ್ಕೆ ವಿಶೇಷಜ್ಞತೆ ಬೇಕಿಲ್ಲ.

ಸಂಶೋಧಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಅಶ್ವಶಾಸ್ತ್ರದ ಕನ್ನಡ ಗ್ರಂಥಗಳನ್ನು ಸಂಪಾದಿಸುವವರು ಪಶುವೈದ್ಯರನ್ನೂ ಕುದುರೆಯನ್ನು ಪಳಗಿಸಿ ಬಲ್ಲವರನ್ನೂ ಜೊತೆಗೂಡಿಸಿಕೊಳ್ಳಲಿ. ಕುದುರೆಯ ನಡೆ, ಸಾಮಗ್ರಿ, ಅಂಗಗಳನ್ನು ಹೆಸರಿಸುವ ಹಳಗನ್ನಡ ಪದಗಳ ಒಂದು ಪ್ರತ್ಯೇಕ ಕೋಶ ಸಿದ್ಧವಾಗಲಿ. ಅದರಲ್ಲಿ 'ಒಂದು ಬಗೆಯ' ಎಂಬ ಮಾತು ಎಲ್ಲಿಯೂ ಬಾರದಿರಲಿ. ಹಿಟ್ಟಿನ ಕೋಳಿಯ ಹಿಂಸೆಯನ್ನೂ ತೂಗಿ ನೋಡಿದ ಕವಿಯ ಅಕ್ಷರಗಳು ಅಮೃತಾಪುರದ ಕಲ್ಲಿನಲ್ಲಿ ಇನ್ನೂ ಇವೆ. ಜೀವವಿರುವ ಬೆನ್ನಿನ ಭಾರವನ್ನು ತೂಗುವ ಕೆಲಸ ಅವನ ಓದುಗರಾದ ನಮ್ಮದು.